ಕಸೂತಿಯಿಂದ ಟ್ಯೂನ್ ತೆಗೆಯುವುದು ಹೇಗೆ?

ಸೀರೆಯ ಚಿತ್ತಾರದಿಂದ ಸಂಗೀತ ಮಾಡೋಣ ಅಂದರೆ ಎಷ್ಟೋ ಜನ ಮೊದಲು ಮಾಡುವುದು ಬಣ್ಣ ಹಂಚುವ ಕೆಲಸ. ಕೆಂಪಿಗೆ ಸ, ಹಸಿರಿಗೆ ರಿ, ಹೀಗೆ. ಕೇಳಿದರೆ ಬರೀ ಗಲಾಟೆ. ಬಣ್ಣ ಬಿಡಿ, ದಾರ ಹೇಗೆ ಓಡುತ್ತದೆ ನೋಡಿ. ಲಯ ಇರುವುದು ಅಲ್ಲಿ.

ಧಾರವಾಡ ಕಡೆಯ ಕಸೂತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಅದು ಎಳೆ ಎಣಿಸಿಯೇ ಹಾಕುವ ಕೆಲಸ. ಒಂದು ಚೌಕುಳಿ ಹಾಳೆ, ಪೆನ್ಸಿಲ್, ರೆಕಾರ್ಡ್ ಮಾಡಲು ಫೋನ್ ಇದ್ದರೆ ಸಾಕು. ರಾಗ ಮೋಹನ ಇಟ್ಟುಕೊಳ್ಳಿ. ಸ ರಿ ಗ ಪ ದ, ಈ ಐದನ್ನು ಹೇಗೆ ಕಲಸಿದರೂ ಕಿವಿಗೆ ಚುಚ್ಚುವುದಿಲ್ಲ.

ಮೊದಲು ಗವಂತಿ ಹೊಲಿಗೆ. ಸೂಜಿ ಒಂದು ಹೊಲಿಗೆ ಹಾಕಿ, ಒಂದು ಜಾಗ ಬಿಟ್ಟು, ಮತ್ತೊಂದು ಹಾಕಿ ಹೀಗೆ ತುದಿಯವರೆಗೆ ಹೋಗುತ್ತದೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುವುದು ಅದಕ್ಕೇ. ಈಗ ಹಾಳೆಯಲ್ಲಿ 8 ಮನೆ ಹಾಕಿ, ಅಂದರೆ 8 ಎಣಿಕೆಯ ಆದಿತಾಳದ ಒಂದು ಆವರ್ತ (ಒಂದು ಸುತ್ತು). 1, 3, 5, 7ನೇ ಮನೆಗೆ ಸ, ಗ, ಪ, ದ ಬರೆಯಿರಿ. ಬಿಟ್ಟ ಮನೆಗಳಿಗೆ ಅವೇ ಸ್ವರಗಳನ್ನು ಬಲಗಡೆಯಿಂದ ತುಂಬುತ್ತಾ ಬನ್ನಿ: 8ರಲ್ಲಿ ಸ, 6ರಲ್ಲಿ ಗ, 4ರಲ್ಲಿ ಪ, 2ರಲ್ಲಿ ದ. ಸಿಕ್ಕಿದ್ದು ಇದು:

ಸ ದ ಗ ಪ ಪ ಗ ದ ಸ

ಹಿಂದಿನಿಂದ ಓದಿ ನೋಡಿ. ಅದೇ ಬರುತ್ತದೆ, ಅಲ್ವಾ? ಬೇರೆ ಯಾವ ಸ್ವರ ಹಾಕಿದರೂ ಹಾಗೇ ಬರುತ್ತದೆ. ಇಬ್ಬರಿದ್ದರೆ ಇನ್ನೂ ಮಜಾ: ಒಬ್ಬರು ಹೋಗುವ ದಾರ, ಇನ್ನೊಬ್ಬರು ಬರುವ ದಾರ, ಒಬ್ಬರು ಹಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ಮೊದಲು ನಿಧಾನಕ್ಕೆ ಮಾಡಿ.

ಮುರ್ಗಿ ಅನ್ನುವ ಇನ್ನೊಂದು ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರುತ್ತದೆ, ಅದಕ್ಕೆ ಸರಿಗ, ರಿಗಪ, ಗಪದ ಅಂತ ಹತ್ತಿ ಇಳಿದರೆ ಆಯಿತು. ಮೆಂತಿ ಜಾಗ ತುಂಬುವ ಹೊಲಿಗೆ. ಅದರ ಪಾಲಿಗೆ ಹಿಂದೆ ಒಂದೇ ಸಮನೆ ನಾದ ತುಂಬುವ ಶ್ರುತಿಪೆಟ್ಟಿಗೆ ಸಾಕು!

ಇನ್ನು ಕಸೂತಿಯ ಗೋಪುರದ ಚಿತ್ತಾರ. ಮೇಲಿನ ಸಾಲಿನಲ್ಲಿ 1 ಮನೆ, ಕೆಳಗೆ 3, ಆಮೇಲೆ 5, 7 ಬರುವ ಹಾಗೆ ಒಂದು ಚಿಕ್ಕ ಗೋಪುರ ಬರೆದುಕೊಳ್ಳಿ. ಮನೆಗೊಂದು ಸೊಲ್ಲು, ಅಂದರೆ ಬಾಯಲ್ಲಿ ಹೇಳುವ ತಾಳದ ಅಕ್ಷರ:

ತ
ತಕಿಟ
ತದಿಗಿಣತೊಂ
ತಕಿಟತಕದಿಮಿ

ಕೂಡಿದರೆ 16. ಎಣಿಕೆಗೊಂದು ಸೊಲ್ಲು ಹೇಳಿದರೆ ಆದಿತಾಳದ ಎರಡು ಆವರ್ತ ಸರಿಯಾಗಿ ಮುಗಿದು, ಮುಂದಿನ ಪೆಟ್ಟು ಸಮಕ್ಕೇ (ತಾಳದ ಮೊದಲ ಎಣಿಕೆಗೇ) ಬೀಳುತ್ತದೆ. ಹೀಗೆ ಅಗಲವಾಗುತ್ತಾ ಹೋಗುವುದನ್ನು ಲಯದವರು ಸ್ರೋತೋವಹ ಯತಿ ಅಂತಾರೆ, ಬುಡದಿಂದ ಮೇಲಕ್ಕೆ ಹೇಳಿದರೆ ಗೋಪುಚ್ಛ ಯತಿ. ಒಂದೇ ಗೋಪುರದಲ್ಲಿ ಎರಡೂ ಸಿಕ್ಕಿತು.

ಬಟ್ಟೆ ಸಾಕಾಯಿತು ಅಂದರೆ ಅನಾನಸ್ ಎತ್ತಿಕೊಳ್ಳಿ. ಅದರ ಕಣ್ಣುಗಳ ಸಾಲು ಸುರುಳಿ ಸುತ್ತಿರುತ್ತವೆ, ಸಾಮಾನ್ಯವಾಗಿ ಒಂದು ಕಡೆಗೆ 8, ಇನ್ನೊಂದು ಕಡೆಗೆ 13. ಒಂದು ಕೈ 8 ಎಣಿಕೆಗೊಮ್ಮೆ, ಇನ್ನೊಂದು 13ಕ್ಕೊಮ್ಮೆ ತಟ್ಟಲಿ. ಒಟ್ಟಿಗೆ ಶುರು ಮಾಡಿದರೆ ಮತ್ತೆ ಎರಡೂ ಸೇರುವುದು 104 ಎಣಿಕೆ ಆದ ಮೇಲೆ. ಅಷ್ಟು ತಾಳ್ಮೆ ಇಲ್ಲದವರು 3 ಮತ್ತು 5 ಇಟ್ಟುಕೊಳ್ಳಿ, 15ಕ್ಕೇ ಸೇರುತ್ತವೆ.