ಮೂರ್ಸ್‌ವಿಲ್: ರೈಲಿನಿಂದ ಹುಟ್ಟಿ ಹಿನ್ನೀರಿಗೆ ತಿರುಗಿದ ಊರಿನ ಚರಿತ್ರೆ ಹುಡುಕುವುದು ಹೇಗೆ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಶಾರ್ಲೆಟ್‌ನಿಂದ ಉತ್ತರಕ್ಕೆ ಹೋದರೆ ಲೇಕ್ ನಾರ್ಮನ್ ಎಂಬ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. ಅದರ ಪಕ್ಕದ ಊರು ಮೂರ್ಸ್‌ವಿಲ್. ಈಗ ಅಲ್ಲಿ ದೋಣಿ, ದಡದ ಮನೆಗಳು, ರೇಸ್ ಕಾರ್ ತಂಡಗಳದ್ದೇ ಮಾತು. ಆ ಕಡೆ ಇರುವ ಕನ್ನಡದವರು, ಅಥವಾ ಇಲ್ಲಿಂದಲೇ ಕುತೂಹಲ ಇರುವವರು, ಈ ಊರಿನ ಹಿಂದಿನದ್ದು ತಿಳಿಯಬೇಕೆಂದರೆ ದಯವಿಟ್ಟು ನೀರಿನ ಕಡೆಯಿಂದ ಶುರು ಮಾಡಬೇಡಿ. ಹಳಿಯಿಂದ ಶುರು ಮಾಡಿ.

ಮೊದಲು ಮೇನ್ ಸ್ಟ್ರೀಟ್‌ಗೆ ಹೋಗಿ, ಆಗದಿದ್ದರೆ ಮ್ಯಾಪಿನಲ್ಲಿ ನೋಡಿ. ಹಳೇ ಪೇಟೆ ರೈಲು ಹಳಿಯ ಉದ್ದಕ್ಕೂ ಬೆಳೆದಿದೆ, ನೀರು ಅಲ್ಲಿಂದ ಮೈಲಿಗಟ್ಟಲೆ ಪಶ್ಚಿಮಕ್ಕಿದೆ. 1856ರಲ್ಲಿ ಜಾನ್ ಫ್ರಾಂಕ್ಲಿನ್ ಮೂರ್ ಎಂಬ ಜಮೀನುದಾರ ತನ್ನ ಜಾಗದಲ್ಲಿ ಸೈಡಿಂಗ್ (ಮುಖ್ಯ ಹಳಿಯ ಪಕ್ಕದ ಕಿರುಹಳಿ) ಹಾಕಿಸಿಕೊಂಡ, ಹತ್ತಿ ತುಂಬುವುದಕ್ಕೆ. ಊರಿಗೆ ಅವನದೇ ಹೆಸರು. ಆದರೆ ಅದು ಕಾನೂನಿನ ಪ್ರಕಾರ ಪಟ್ಟಣವಾಗಿದ್ದು 1873ರಲ್ಲಿ. ನಡುವೆ ಇಷ್ಟು ವರ್ಷ ಯಾಕೆ ಅಂದರೆ, ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸರ್ಕಾರ ಈ ಮಾರ್ಗದ ಹಳಿಯನ್ನೇ ಕಿತ್ತು ಬೇರೆ ಮಾರ್ಗಕ್ಕೆ ಒಯ್ದಿತು, ರೈಲು ಮತ್ತೆ ಓಡಿದ್ದು 1871ರ ಹೊತ್ತಿಗೆ. ರೈಲು ಬಂತು, ಎರಡೇ ವರ್ಷಕ್ಕೆ ಪಟ್ಟಣವಾಯಿತು.

ಆಮೇಲೆ ಸ್ಯಾನ್‌ಬಾರ್ನ್ ಮ್ಯಾಪುಗಳನ್ನು ತೆಗೆಯಿರಿ. ಬೆಂಕಿ ವಿಮೆಗೆಂದು ಮಾಡಿದ ನಕ್ಷೆಗಳು ಇವು, ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ ಕಟ್ಟಡ, ಹಳದಿ ಅಂದರೆ ಮರದ್ದು. ಹತ್ತಿ ಗಿರಣಿ ಎಲ್ಲಿತ್ತು, ಗೋದಾಮು ಹಳಿಗೆ ಎಷ್ಟು ಹತ್ತಿರ ಇತ್ತು ಎಲ್ಲ ಕಾಣುತ್ತದೆ.

ಜನರ ವಿಷಯಕ್ಕೆ ಜನಗಣತಿ ನೋಡಿ, ಆದರೆ ಎಚ್ಚರದಿಂದ ನೋಡಿ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಾಗಿದ್ದವರದ್ದು ಬೇರೆ ಪಟ್ಟಿ. ಅದರಲ್ಲಿ ಇರುವುದು ಒಡೆಯನ ಹೆಸರು. ಗುಲಾಮರದ್ದು ವಯಸ್ಸು, ಲಿಂಗ, ಮೈಬಣ್ಣ, ಅಷ್ಟೇ. ಅವರ ಬಹುತೇಕ ಕುಟುಂಬಗಳ ಹೆಸರು ಗಣತಿಯಲ್ಲಿ ಮೊದಲ ಸಲ ಕಾಣುವುದು 1870ರಲ್ಲಿ. ಆ ಹತ್ತಿ ಬೆಳೆದ ಕೈಗಳು ಯಾರವು ಅಂತ ಕೇಳದೆ ಊರಿನ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ ಅಲ್ವಾ? 1890ರ ಗಣತಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ, 1921ರ ಬೆಂಕಿಯಿಂದ, ಹಾಗಾಗಿ ಅಲ್ಲಿ ಹುಡುಕಿ ಸುಮ್ನೆ ಸಮಯ ಕಳೆಯಬೇಡಿ. 1950ರದ್ದು ಮಾತ್ರ ಬಿಡಲೇಬೇಡಿ, ನೀರು ತುಂಬುವ ಮೊದಲಿನ, ಈಗ ಎಲ್ಲರಿಗೂ ತೆರೆದಿರುವ ಕೊನೆಯ ಗಣತಿ ಅದು.

ಈಗ ಕಣಿವೆಗೆ ಬನ್ನಿ. ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ 1959ರಲ್ಲಿ ಕಟಾಬಾ ನದಿಗೆ ಕೌವನ್ಸ್ ಫೋರ್ಡ್ ಅಣೆಕಟ್ಟು ಕಟ್ಟಲು ಶುರು ಮಾಡಿತು, 1964ರ ಹೊತ್ತಿಗೆ 32 ಸಾವಿರ ಎಕರೆಗಿಂತ ಜಾಸ್ತಿ ನೆಲ ನೀರಿನಡಿ ಹೋಯಿತು. ಹೊಲ, ರಸ್ತೆ, ಈಸ್ಟ್ ಮನ್ಬೊ ಥರದ ಗಿರಣಿ ಕೇರಿಗಳು ಎಲ್ಲ ಮುಳುಗಿದವು. ಹಿನ್ನೀರಿಗೆ ಕಂಪನಿಯ ಅಧ್ಯಕ್ಷರಾಗಿದ್ದ ನಾರ್ಮನ್ ಕಾಕ್ ಅವರ ಹೆಸರಿಟ್ಟರು. ಜಮೀನು ಮುಳುಗಿದವರ ಹೆಸರು ಬೇಕಾದರೆ ನಾವೇ ಹುಡುಕಬೇಕು. ಅದಕ್ಕೆ ಎರಡು ದಾರಿ. ಅಮೆರಿಕದ ಭೂಸರ್ವೆ ಇಲಾಖೆಯ ಟೋಪೋವ್ಯೂ ತಾಣದಲ್ಲಿ ಅಣೆಕಟ್ಟಿಗೆ ಮುಂಚಿನ ನಕ್ಷೆ ಇಳಿಸಿಕೊಂಡು ಈಗಿನದ್ದರ ಪಕ್ಕ ಇಡಿ. ನೇರ ಹೋಗಿ ನೀರಿನ ಅಂಚಿಗೆ ನಿಲ್ಲುವ ರಸ್ತೆ ಕಂಡರೆ ಅದು ಮುಂದೆ ಎಲ್ಲಿಗೆ ಹೋಗುತ್ತಿತ್ತು ಅಂತ ಹಳೇ ನಕ್ಷೆ ಹೇಳಬಹುದು. ಇನ್ನೊಂದು, ಸ್ಟೇಟ್ಸ್‌ವಿಲ್‌ನಲ್ಲಿರುವ ಐರ್‌ಡೆಲ್ ಕೌಂಟಿಯ (ಮೂರ್ಸ್‌ವಿಲ್ ಇರುವ ಜಿಲ್ಲೆ) ಕ್ರಯಪತ್ರದ ದಾಖಲೆ. ಅಲ್ಲಿ ಕೊಂಡವರ ಪಟ್ಟಿಯಲ್ಲಿ ಡ್ಯೂಕ್ ಪವರ್ ಹೆಸರು ಹುಡುಕಿ, ಕಂಪನಿಯ ಹಳೇ ಹೆಸರು ಸದರ್ನ್ ಪವರ್ ಅಂತಲೂ ಹುಡುಕಿ. ಪ್ರತಿ ಪತ್ರದಲ್ಲೂ ಮಾರಿದ ರೈತನ ಹೆಸರಿರುತ್ತದೆ. ಇದು ನಿಧಾನದ ಕೆಲಸ, ಆದರೆ ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳದ್ದಿಲ್ಲ. ನದಿಯ ಆಚೆ ದಡ ಲಿಂಕನ್ ಮತ್ತು ಕಟಾಬಾ ಕೌಂಟಿಗಳದ್ದು, ಅಲ್ಲಿನ ದಾಖಲೆ ಬೇರೆ.

1970ರ ದಶಕದಲ್ಲಿ ಇಂಟರ್‌ಸ್ಟೇಟ್ 77 ಹೆದ್ದಾರಿ ಬಂತು, ಊರು ದಡದ ಕಡೆ ಬೆಳೆಯಿತು. 1960ರಲ್ಲಿ ಸುಮಾರು 7 ಸಾವಿರ ಜನ, 2020ರಲ್ಲಿ 50 ಸಾವಿರ. ಈ ಭಾಗ ಪೇಪರುಗಳಲ್ಲಿ ಸುಲಭವಾಗಿ ಸಿಗುತ್ತದೆ, ಅವಸರ ಬೇಡ.

ಅವಸರ ಬೇಕಿರುವುದು ಹಿರಿಯರ ಹತ್ತಿರ ಮಾತಾಡುವುದಕ್ಕೆ. ಅಣೆಕಟ್ಟು ಶುರುವಾದಾಗ ಹತ್ತು ವರ್ಷದವರಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಕೊನೆಗೆ ಹೇಳಿದರೂ ಇದನ್ನೇ ಮೊದಲು ಮಾಡಿ. "ಆಗ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತ ಮುಗಿಸಿಬಿಡುತ್ತಾರೆ. ಹಳೇ ನಕ್ಷೆ ಮುಂದಿಟ್ಟು, ನದಿ ದಾಟುವುದಕ್ಕೆ ಯಾವ ಸೇತುವೆ, ಭಾನುವಾರ ಯಾವ ಚರ್ಚು, ನಿಮ್ಮ ಹತ್ತಿ ಯಾವ ಗಿರಣಿಗೆ ಹೋಗುತ್ತಿತ್ತು, ಜಮೀನಿಗೆ ಎಕರೆಗೆ ಎಷ್ಟು ಕೊಟ್ಟರು ಅಂತ ಒಂದೊಂದಾಗಿ ಕೇಳಿ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ತಾರೀಕು ಬರೆದಿಡಿ, ಒಂದು ಪ್ರತಿ ಊರಿನ ಲೈಬ್ರರಿಗೆ ಕೊಡಿ.