ಸ್ವಿಚ್ ಪೋರ್ಟಿನಲ್ಲಿ ಟ್ರಾನ್ಸ್‌ಮಿಟ್ ಎರರ್: ಕೇಬಲ್ ಕೀಳುವ ಮೊದಲು ಕೌಂಟರ್ ಓದಿ

ಆಫೀಸಿನಲ್ಲಿ ‘ನೆಟ್‌ವರ್ಕ್ ಸ್ಲೋ’ ಅಂತ ದೂರು ಬಂದರೆ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಒಬ್ಬರು ಹೋಗಿ ನೆಟ್‌ವರ್ಕ್ ಸ್ವಿಚ್, ಅಂದರೆ ಕಂಪ್ಯೂಟರುಗಳ ಕೇಬಲೆಲ್ಲ ಬಂದು ಸೇರುವ ಪೆಟ್ಟಿಗೆಯನ್ನು, ಆಫ್ ಮಾಡಿ ಆನ್ ಮಾಡುತ್ತಾರೆ. ಇನ್ನೊಬ್ಬರು ಡ್ರಾಯರ್‌ನಿಂದ ಯಾವುದೋ ಹಳೇ ಕೇಬಲ್ ಹುಡುಕಿ ತಂದು ಬದಲಾಯಿಸುತ್ತಾರೆ. ಕೆಲವೊಮ್ಮೆ ಸರಿಹೋಗುತ್ತದೆ. ಯಾಕೆ ಸರಿಹೋಯಿತು ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನ ಟ್ಯಾಲಿ ಮತ್ತೆ ತೆವಳಲು ಶುರು ಮಾಡುತ್ತದೆ, ಬೈಗುಳ ಪಾಪ ಟ್ಯಾಲಿಗೆ ಬೀಳುತ್ತದೆ.

ನಿಮ್ಮಲ್ಲಿರುವುದು ಮ್ಯಾನೇಜ್ಡ್ ಸ್ವಿಚ್ (ಅಂದರೆ ಲಾಗಿನ್ ಆಗಿ ಸೆಟ್ಟಿಂಗ್ ನೋಡಬಹುದಾದದ್ದು) ಆಗಿದ್ದರೆ ಹೀಗೆ ಕುರುಡಾಗಿ ತಡಕಾಡಬೇಕಿಲ್ಲ. ಪ್ರತಿ ಪೋರ್ಟಿನಲ್ಲಿ ಎಷ್ಟು ಫ್ರೇಮ್ (ಡೇಟಾದ ಒಂದೊಂದು ಕಟ್ಟು) ಹೋಯಿತು, ಎಷ್ಟು ಬಂತು, ಎಷ್ಟು ಕೆಟ್ಟಿತು ಎಂಬ ಲೆಕ್ಕವನ್ನು ಅದೇ ಇಟ್ಟಿರುತ್ತದೆ. ಬ್ರೌಸರಿನಲ್ಲಿ ಸ್ವಿಚ್‌ಗೆ ಲಾಗಿನ್ ಆಗಿ ‘ಪೋರ್ಟ್ ಸ್ಟ್ಯಾಟಿಸ್ಟಿಕ್ಸ್’ ಪುಟ ತೆರೆಯಿರಿ. ಸಿಸ್ಕೊ ಕ್ಯಾಟಲಿಸ್ಟ್ ಇದ್ದರೆ ‘ಶೋ ಇಂಟರ್‌ಫೇಸಸ್ ಕೌಂಟರ್ಸ್ ಎರರ್ಸ್’ ಕಮಾಂಡ್ ಕೊಡಿ. ಮ್ಯಾನೇಜ್ಡ್ ಅಲ್ಲದ ಅಗ್ಗದ ಸ್ವಿಚ್‌ಗಳಲ್ಲಿ ಈ ಲೆಕ್ಕ ನೋಡಲು ದಾರಿ ಇಲ್ಲ. ಅಲ್ಲಿ ಕಂಪ್ಯೂಟರ್ ಕಡೆಯಿಂದಲೇ ನೋಡಬೇಕು, ಅದು ಆಮೇಲೆ ಬರುತ್ತದೆ.

ಮೊದಲು ದಿಕ್ಕು ತಿಳಿದುಕೊಳ್ಳಿ

ಟ್ರಾನ್ಸ್‌ಮಿಟ್ ಅನ್ನುವುದು ಸ್ವಿಚ್‌ನ ಲೆಕ್ಕದಲ್ಲಿ. ಸ್ವಿಚ್ ಕಳಿಸುವುದು ನಿಮ್ಮ ಕಂಪ್ಯೂಟರಿಗೆ ಬರುವಂಥದ್ದು, ಅಂದರೆ ಡೌನ್‌ಲೋಡ್. ಇಷ್ಟು ತಲೆಯಲ್ಲಿ ಇಲ್ಲದಿದ್ದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಟ್ರಾನ್ಸ್‌ಮಿಟ್ ಎರರ್ ಅಂದರೆ ಸ್ವಿಚ್‌ಗೆ ಆ ಫ್ರೇಮನ್ನು ಸರಿಯಾಗಿ ಹೊರಗೆ ಕಳಿಸಲು ಆಗಲಿಲ್ಲ ಎಂದರ್ಥ. ಕಳಿಸಿದ್ದು ದಾರಿಯಲ್ಲಿ ಕೆಟ್ಟಿತು ಎಂದಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿದವರಿಗೆ ಅದು ಮಳೆಯಲ್ಲಿ ನೆನೆದದ್ದು ಹೇಗೆ ಗೊತ್ತಾಗಬೇಕು? ಬಿಡಿಸಿ ಓದಿದವರೇ ಹೇಳಬೇಕು. ಫ್ರೇಮಿನ ಕೊನೆಯಲ್ಲಿ 4 ಬೈಟಿನ ಒಂದು ತಾಳೆ ಸಂಖ್ಯೆ ಇರುತ್ತದೆ. ಅದನ್ನು ಲೆಕ್ಕ ಹಾಕಿ ‘ಇದು ಕೆಟ್ಟಿದೆ’ ಅನ್ನುವುದು ಪಡೆದುಕೊಂಡ ಕಡೆಯವರು. ಆ ತಪ್ಪು ಸಿಆರ್‌ಸಿ ಅಥವಾ ಎಫ್‌ಸಿಎಸ್ ಎರರ್ ಎಂಬ ಹೆಸರಿನಲ್ಲಿ ರಿಸೀವ್ ಲೆಕ್ಕಕ್ಕೆ ಸೇರುತ್ತದೆ.

ಹಾಗಾಗಿ ಒಂದು ಪೋರ್ಟಿನಲ್ಲಿ ಬರೀ ಟ್ರಾನ್ಸ್‌ಮಿಟ್ ಎರರ್ ಏರುತ್ತಿದ್ದರೆ, ಕೇಬಲ್ ಹಿಡಿದು ಎಳೆಯುವುದು ಮೊದಲ ಕೆಲಸವಲ್ಲ. ಕಳಿಸಲು ಜಾಗ ಸಿಗಲಿಲ್ಲವೇ, ಅಥವಾ ಎರಡು ತುದಿಗಳ ನಡುವೆ ಹೊಂದಾಣಿಕೆ ತಪ್ಪಿದೆಯೇ, ಅದನ್ನು ನೋಡಬೇಕು.

ಲೆಕ್ಕ ಬರೆದಿಟ್ಟುಕೊಳ್ಳಿ, ರೀಸ್ಟಾರ್ಟ್ ಬೇಡ

ಕೌಂಟರಿನಲ್ಲಿ ಕಾಣುವ ಸಂಖ್ಯೆ ಸ್ವಿಚ್ ಕೊನೇ ಸಲ ಆನ್ ಆದಾಗಿನಿಂದ ಕೂಡುತ್ತಾ ಬಂದದ್ದು. 40,000 ಎರರ್ ಅಂತ ನೋಡಿ ಗಾಬರಿಯಾಗಬೇಡಿ. ಅದು ಕಳೆದ ವರ್ಷ ಯಾರೋ ಒಂದು ದಿನ ಮಾಡಿದ ಅವಾಂತರವೂ ಇರಬಹುದು. ಈಗ ಏರುತ್ತಿದೆಯಾ ಅನ್ನುವುದೇ ಪ್ರಶ್ನೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಕೌಂಟರ್ ಕ್ಲಿಯರ್ ಮಾಡಿ, ದೂರು ಬರುವ ಹೊತ್ತಿನಲ್ಲೇ ಮತ್ತೆ ನೋಡಿ. ಬೆಳಗ್ಗೆ ಹತ್ತಕ್ಕೆ ಸ್ಲೋ ಅನ್ನುವವರ ಪೋರ್ಟನ್ನು ಸಂಜೆ ಆರಕ್ಕೆ ನೋಡಿ ಪ್ರಯೋಜನವಿಲ್ಲ. ಸ್ವಿಚ್ ರೀಸ್ಟಾರ್ಟ್ ಮಾಡಿದರೆ ಈ ಸಾಕ್ಷಿ ಎಲ್ಲ ಅಳಿಸಿಹೋಗುತ್ತದೆ.

ಎಷ್ಟು ಎರರ್ ಆದರೆ ಜಾಸ್ತಿ? ತಾಮ್ರದ ಗಿಗಾಬಿಟ್ ಲಿಂಕ್‌ಗೆ ಮಾನದಂಡ ಬಿಡುವ ತಪ್ಪು ಸಾವಿರ ಕೋಟಿ ಬಿಟ್‌ಗೆ ಒಂದು. ದೊಡ್ಡ ಗಾತ್ರದ ಫ್ರೇಮ್ ಲೆಕ್ಕದಲ್ಲಿ ಹೇಳಿದರೆ ಸುಮಾರು 8 ಲಕ್ಷ ಫ್ರೇಮಿಗೆ ಒಂದು. ಇದು ರಿಸೀವ್ ಕಡೆಯ ಮಾತು. ಒಳ್ಳೇ ಕೇಬಲಿನಲ್ಲಿ ವಾರಗಟ್ಟಲೆ ಸೊನ್ನೆಯೇ ಇರುತ್ತದೆ.

ಡಿಸ್ಕಾರ್ಡ್ ಏರುತ್ತಿದ್ದರೆ

ಆಫೀಸುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಸ್ವಿಚ್‌ನ ಕಂಪನಿ ನೋಡಿಕೊಂಡು ಹೆಸರು ಬದಲಾಗುತ್ತದೆ: ಔಟ್ ಡಿಸ್ಕಾರ್ಡ್ಸ್, ಔಟ್‌ಪುಟ್ ಡ್ರಾಪ್ಸ್, ಕೆಲವು ಹಳೇ ಕ್ಯಾಟಲಿಸ್ಟ್‌ಗಳಲ್ಲಿ ಎಕ್ಸ್‌ಮಿಟ್ ಎರರ್. ವಿಷಯ ಒಂದೇ. ಹೊರಗೆ ಹೋಗಬೇಕಾದ ಫ್ರೇಮುಗಳು ಬಫರಿನಲ್ಲಿ (ಸ್ವಿಚ್ ಒಳಗಿನ ತಾತ್ಕಾಲಿಕ ಮೆಮೊರಿ) ಕಾಯುತ್ತಿದ್ದವು, ಬಫರ್ ತುಂಬಿತು, ಉಳಿದದ್ದನ್ನು ಸ್ವಿಚ್ ಬಿಸಾಕಿತು.

ಬಫರ್ ಎಷ್ಟು ಚಿಕ್ಕದು ಅಂತ ಒಂದು ಲೆಕ್ಕ ನೋಡಿ. ಎಂಟು ಪೋರ್ಟಿನ ಸಣ್ಣ ಗಿಗಾಬಿಟ್ ಸ್ವಿಚ್‌ಗಳಲ್ಲಿ 1.5 ಮೆಗಾಬಿಟ್ ಬಫರ್ ಇರುವುದು ಸಾಮಾನ್ಯ. ಸರ್ವರ್ 1000 ಮೆಗಾಬಿಟ್ ವೇಗದಲ್ಲಿ ಸುರಿಯುತ್ತಿದೆ, ಎದುರಿನ ಕಂಪ್ಯೂಟರ್ 100ರಲ್ಲಿ ಕೂತಿದೆ ಅಂದುಕೊಳ್ಳಿ. ಸೆಕೆಂಡಿಗೆ 900 ಮೆಗಾಬಿಟ್ ಹೆಚ್ಚುವರಿ. ಇಡೀ ಬಫರ್ ಆ ಒಂದೇ ಪೋರ್ಟಿಗೆ ಸಿಕ್ಕರೂ ಎರಡು ಮಿಲಿಸೆಕೆಂಡಿಗೆ ಮೊದಲೇ ತುಂಬಿಹೋಗುತ್ತದೆ. ಐದು ನಿಮಿಷದ ಸರಾಸರಿ ತೋರಿಸುವ ಗ್ರಾಫಿನಲ್ಲಿ ಇದು ಕಾಣುವುದೇ ಇಲ್ಲ. ‘ಲೋಡ್ ಬರೀ ನಾಲ್ಕು ಪರ್ಸೆಂಟ್ ಇದೆ, ಡ್ರಾಪ್ ಹೇಗೆ ಸಾಧ್ಯ’ ಅಂತ ವಾದ ಮಾಡುವವರಿಗೆ ಇಷ್ಟೇ ಉತ್ತರ.

ಹಾಗಾಗಿ ಮೊದಲು ಆ ಪೋರ್ಟಿನ ಸ್ಪೀಡ್ ನೋಡಿ. ಕಂಪ್ಯೂಟರ್ ಗಿಗಾಬಿಟ್‌ದು, ಸ್ವಿಚ್ ಗಿಗಾಬಿಟ್‌ದು, ಆದರೂ ಲಿಂಕ್ 100ರಲ್ಲಿ ಇದೆಯಾ? ಆಗ ಮಾತ್ರ ಕೇಬಲ್ ಮೇಲೆ ಅನುಮಾನ ಪಡಿ. 100 ಮೆಗಾಬಿಟ್‌ಗೆ ನಾಲ್ಕೇ ತಂತಿ ಸಾಕು, ಪಿನ್ 1, 2, 3 ಮತ್ತು 6. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಈಗಿನ ಎಷ್ಟೋ ಚಿಪ್‌ಗಳು ಒಂದೆರಡು ಸಲ ಪ್ರಯತ್ನಿಸಿ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಲೈಟ್ ಉರಿಯುತ್ತದೆ, ಪಿಂಗ್ ಬರುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ನಮ್ಮ ಆಫೀಸುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸ ಕೇಬಲ್ ಎಳೆಯಲು ಬೇಜಾರಾಗಿ, ಇರುವ ಒಂದೇ ಕೇಬಲಿನ ಎಂಟು ತಂತಿಯನ್ನು ನಾಲ್ಕು ನಾಲ್ಕಾಗಿ ಸೀಳಿ, ಒಂದು ಕಂಪ್ಯೂಟರಿಗೆ, ಇನ್ನೊಂದು ಕ್ಯಾಮೆರಾಗೆ ಕೊಟ್ಟಿರುತ್ತಾರೆ. ಹಳೇ ಕಾಲದಲ್ಲಿ ನಡೆಯಿತು. ಈಗ ಆ ಎರಡೂ 100 ದಾಟುವುದಿಲ್ಲ. ಗೋಡೆಯ ಜ್ಯಾಕ್ ಬಿಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ಪೀಡ್ ಸರಿಯಾಗಿದ್ದೂ ಡಿಸ್ಕಾರ್ಡ್ ಬರುತ್ತಿದ್ದರೆ ಟ್ರಾಫಿಕ್ಕೇ ಜಾಸ್ತಿ ಅಂತ ಅರ್ಥ. ಎರಡು ಸ್ವಿಚ್ ನಡುವಿನ ಅಪ್‌ಲಿಂಕ್ ಮತ್ತು ಸರ್ವರ್ ಪೋರ್ಟ್ ಇದರ ಮಾಮೂಲಿ ಜಾಗಗಳು. ಇಪ್ಪತ್ತು ಜನ ಒಟ್ಟಿಗೆ ಒಂದೇ ಗಿಗಾಬಿಟ್ ದಾರಿಗೆ ನುಗ್ಗಿದರೆ ಇನ್ನೇನಾಗಬೇಕು? ಕೆಲಸದ ವೇಳೆಯಲ್ಲಿ ಓಡುವ ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ಸಿಸಿಟಿವಿ ರೆಕಾರ್ಡರನ್ನು ಕ್ಯಾಮೆರಾಗಳಿರುವ ಸ್ವಿಚ್‌ಗೇ ಚುಚ್ಚಿ, ಅಪ್‌ಲಿಂಕ್ ಅರ್ಧ ಖಾಲಿಯಾಗಬಹುದು. ಎರಡು ಕೇಬಲ್ ಸೇರಿಸಿ ಒಂದೇ ಲಿಂಕ್ ಮಾಡಿದರೂ ಸಹಾಯವಾಗುತ್ತದೆ, ಆದರೆ ಒಬ್ಬರು ಮಾಡುವ ಒಂದು ದೊಡ್ಡ ಕಾಪಿ ಅದರಿಂದ ವೇಗವಾಗುವುದಿಲ್ಲ. ಅದು ಒಂದೇ ತಂತಿಯಲ್ಲಿ ಹೋಗುತ್ತದೆ.

ಫ್ಲೋ ಕಂಟ್ರೋಲ್ ಆನ್ ಮಾಡಿದರೆ ಡಿಸ್ಕಾರ್ಡ್ ಸಂಖ್ಯೆ ನಿಲ್ಲುತ್ತದೆ, ನಿಜ. ನನಗೆ ಅದು ಇಷ್ಟವಿಲ್ಲ. ಒಂದು ನಿಧಾನದ ಪ್ರಿಂಟರಿಗಾಗಿ ಸ್ವಿಚ್ ಸರ್ವರಿಗೆ ‘ಸ್ವಲ್ಪ ತಡಿ’ ಅಂದರೆ ಸರ್ವರ್ ಎಲ್ಲರಿಗೂ ಕಳಿಸುವುದನ್ನು ನಿಲ್ಲಿಸುತ್ತದೆ. ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಜನ ಬೈಯುತ್ತಾರೆ.

ಲೇಟ್ ಕೊಲಿಶನ್ ಕಂಡರೆ

ಇವತ್ತಿನ ಸ್ವಿಚ್‌ನಲ್ಲಿ ಕೊಲಿಶನ್ (ಡಿಕ್ಕಿ) ಅನ್ನುವ ಸಾಲು ಸೊನ್ನೆಯೇ ಇರಬೇಕು. ಫುಲ್ ಡ್ಯುಪ್ಲೆಕ್ಸ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಡಿಕ್ಕಿಯ ಮಾತೇ ಇಲ್ಲ. ಅಲ್ಲಿ ಸಂಖ್ಯೆ ಕಂಡರೆ ಆ ಪೋರ್ಟ್ ಹಾಫ್ ಡ್ಯುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಬ್ಬರೇ ಮಾತಾಡುವ ರೀತಿಗೆ) ಬಿದ್ದಿದೆ ಅಂತ ತಿಳಿಯಿರಿ. ಮೊದಲ 64 ಬೈಟ್ ಹೋದ ಮೇಲೂ ಡಿಕ್ಕಿ ಆಗುತ್ತಿದ್ದರೆ ಅದು ಲೇಟ್ ಕೊಲಿಶನ್. ಬಹುತೇಕ ಸಲ ಅದರರ್ಥ ಒಂದೇ: ಡ್ಯುಪ್ಲೆಕ್ಸ್ ಹೊಂದಿಕೆಯಾಗಿಲ್ಲ.

ಇದು ಆಗುವ ಬಗೆ ಹೀಗೆ. ಯಾವುದೋ ಹಳೇ ಪ್ರಿಂಟರ್, ಕಾರ್ಖಾನೆಯ ಸಿಎನ್‌ಸಿ ಯಂತ್ರ ಅಥವಾ ಮೀಡಿಯಾ ಕನ್ವರ್ಟರಿನಲ್ಲಿ ಯಾರೋ ಒಬ್ಬರು ‘100 ಫುಲ್’ ಅಂತ ಗಟ್ಟಿಯಾಗಿ ಸೆಟ್ ಮಾಡಿರುತ್ತಾರೆ. ಸ್ವಿಚ್ ಮಾತ್ರ ಆಟೊದಲ್ಲಿದೆ, ಅಂದರೆ ಸ್ಪೀಡ್, ಡ್ಯುಪ್ಲೆಕ್ಸ್ ಎರಡನ್ನೂ ಎದುರಿನವರ ಜೊತೆ ಮಾತಾಡಿಕೊಂಡು ನಿರ್ಧರಿಸುತ್ತದೆ. ಎದುರಿನ ಯಂತ್ರ ಮಾತುಕತೆಗೆ ಬರುವುದಿಲ್ಲ. ಸಿಗ್ನಲ್ ನೋಡಿ ಸ್ಪೀಡ್ 100 ಅಂತ ಸ್ವಿಚ್ ಕಂಡುಹಿಡಿಯುತ್ತದೆ, ಡ್ಯುಪ್ಲೆಕ್ಸ್ ಯಾವುದು ಅಂತ ತಿಳಿಯುವುದಿಲ್ಲ. ತಿಳಿಯದಿದ್ದರೆ ಹಾಫ್ ಅಂದುಕೊಳ್ಳಬೇಕು ಎಂಬುದು ನಿಯಮ. ಅಲ್ಲಿಂದ ಜಗಳ ಶುರು. ಹಾಫ್ ಕಡೆ ಲೇಟ್ ಕೊಲಿಶನ್ ಏರುತ್ತದೆ, ಫುಲ್ ಕಡೆ ಸಿಆರ್‌ಸಿ ಎರರ್ ಏರುತ್ತದೆ. ಒಂದೇ ಲಿಂಕಿನ ಎರಡು ತುದಿಯಲ್ಲಿ ಈ ಜೋಡಿ ಕಂಡರೆ ಬೇರೆ ಏನೂ ಹುಡುಕಬೇಡಿ. ಇನ್ನೊಂದು ಗುರುತು: ಪಿಂಗ್ ಚೆನ್ನಾಗಿ ಬರುತ್ತದೆ, ಫೈಲ್ ಕಾಪಿ ಮಾಡಿದರೆ ಪ್ರಾಣ ಹೋಗುತ್ತದೆ.

ಪರಿಹಾರ ಸುಲಭ. ಎರಡೂ ಕಡೆ ಆಟೊ ಇಡಿ. ಯಂತ್ರದ ಸೆಟ್ಟಿಂಗ್ ಮುಟ್ಟಲು ಆಗದಿದ್ದರೆ ಸ್ವಿಚ್ ಪೋರ್ಟನ್ನೂ ಅದರಂತೆಯೇ 100 ಫುಲ್ ಮಾಡಿ. ಒಂದೇ ಕಡೆ ಗಟ್ಟಿ ಮಾಡುವುದು ಮಾತ್ರ ಬೇಡ. ತಾಮ್ರದ ಗಿಗಾಬಿಟ್‌ಗಂತೂ ಆಟೊ ಕಡ್ಡಾಯ.

ಎದುರು ತುದಿಯನ್ನೂ ಕೇಳಿ

ಸ್ವಿಚ್‌ನಲ್ಲಿ ಎಲ್ಲ ಸೊನ್ನೆ, ಆದರೂ ಸ್ಲೋ? ಆಗ ಕಂಪ್ಯೂಟರಿನ ರಿಸೀವ್ ಲೆಕ್ಕ ನೋಡಿ. ಲಿನಕ್ಸ್‌ನಲ್ಲಿ ಇಥ್‌ಟೂಲ್ ಎಂಬ ಕಮಾಂಡ್ ಇದೆ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ ಮತ್ತು ಇಂಗ್ಲಿಷಿನ ‘ಇ’ ಅಕ್ಷರ ಹಾಕಿ. ‘ಎರರ್ಸ್’ ಸಾಲಿನಲ್ಲಿ ಬಂದದ್ದು ಹೋದದ್ದು ಎರಡೂ ಕಾಣುತ್ತವೆ. ಬಂದ ಕಡೆ ಏರುತ್ತಿದ್ದರೆ, ಡ್ಯುಪ್ಲೆಕ್ಸೂ ಸರಿಯಿದ್ದರೆ, ಈಗ ಕೇಬಲಿನ ಸರದಿ.

ಕೇಬಲಿನಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಕ್ರಿಂಪಿಂಗ್, ಅಂದರೆ ತಂತಿಗಳನ್ನು ಪ್ಲಗ್ಗಿಗೆ ಕೂರಿಸಿ ಒತ್ತುವ ಕೆಲಸ. ಪ್ಲಗ್ಗಿನ ಕ್ಲಿಪ್ ಕೆಳಗೆ, ತುದಿ ಆಚೆ ಬರುವಂತೆ ಹಿಡಿದು ಎಡದಿಂದ ನೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂತಿದೆ, ಅಲ್ವಾ? ಇದು ನೋಡಲು ವಿಚಿತ್ರ ಅನಿಸಿ ಕೆಲವರು ಬಣ್ಣದ ಪಕ್ಕ ಬಣ್ಣ ಚೆಂದವಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಹಾಗೇ ಮಾಡಿದರೆ ಟೆಸ್ಟರಿನ ಎಂಟೂ ಲೈಟ್ ಸಾಲಾಗಿ ಉರಿಯುತ್ತವೆ, ಪಾಸ್. ಆದರೆ ಪಿನ್ 3 ಮತ್ತು 6ಕ್ಕೆ ಹೋದ ತಂತಿಗಳು ಈಗ ಒಂದಕ್ಕೊಂದು ಹೆಣೆದುಕೊಂಡ ಜೋಡಿಯಲ್ಲ. ಹೆಣೆದಿದ್ದರೆ ತಾನೇ ಪಕ್ಕದ ತಂತಿಯ ಗಲಾಟೆ ಒಳಗೆ ಬರದಂತೆ ತಡೆಯುವುದು? ಇಂಥ ಕೇಬಲನ್ನು ಟೆಸ್ಟರ್ ಹಿಡಿಯುವುದಿಲ್ಲ, ಎರರ್ ಕೌಂಟರ್ ಹಿಡಿಯುತ್ತದೆ.

ಉಳಿದವು ಗೊತ್ತಿರುವಂಥವೇ. ಗೋಡೆಯೊಳಗೆ 90 ಮೀಟರ್, ಎರಡು ಕಡೆಯ ಪ್ಯಾಚ್ ಕಾರ್ಡ್ ಸೇರಿ 100 ಮೀಟರ್ ದಾಟಬಾರದು. ಕರೆಂಟ್ ವೈರಿನ ಪೈಪಿನಲ್ಲೇ ಡೇಟಾ ಕೇಬಲ್ ತೂರಿಸಬಾರದು. ಫಾಲ್ಸ್ ಸೀಲಿಂಗ್ ಮೇಲೆ ಇಲಿ ಕಡಿದಿದೆಯಾ ನೋಡಿ. ತೀರಾ ಅಗ್ಗಕ್ಕೆ ಸಿಕ್ಕ ಕೇಬಲ್ ಬಾಕ್ಸ್ ಆದರೆ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅದನ್ನು ಆಫೀಸಿಗೆ ಹಾಕಬೇಡಿ, ಅದರಲ್ಲೂ ಕೇಬಲಿನಲ್ಲೇ ಕರೆಂಟ್ ಪಡೆಯುವ ಕ್ಯಾಮೆರಾ, ಫೋನುಗಳಿಗೆ ಬೇಡವೇ ಬೇಡ. ಎಷ್ಟೋ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಕೇಬಲ್ ಟೆಸ್ಟ್ ಸೌಲಭ್ಯ ಇದೆ. ಎಷ್ಟನೇ ಮೀಟರಿನಲ್ಲಿ ತುಂಡಾಗಿದೆ ಅಂತ ಅಂದಾಜು ಹೇಳುತ್ತದೆ. ಪರೀಕ್ಷೆ ನಡೆಯುವಾಗ ಲಿಂಕ್ ಕ್ಷಣಕಾಲ ಹೋಗಬಹುದು, ಹೇಳಿಯೇ ಮಾಡಿ.

ಎಲ್ಲ ಪೋರ್ಟಿನಲ್ಲೂ ಒಂದೇ ಹೊತ್ತಿಗೆ ಡಿಸ್ಕಾರ್ಡ್ ಚಿಮ್ಮಿದರೆ ಮಾತ್ರ ಮೇಲಿನದೆಲ್ಲ ಬಿಡಿ. ಯಾರೋ ಟೇಬಲ್ ಸರಿಸುವಾಗ ಬಿದ್ದಿದ್ದ ಕೇಬಲಿನ ಎರಡೂ ತುದಿಯನ್ನು ಗೋಡೆಗೇ ಚುಚ್ಚಿದ್ದಾರೆ, ಅಂದರೆ ಲೂಪ್. ಸ್ಪ್ಯಾನಿಂಗ್ ಟ್ರೀ (ಇಂಥ ಲೂಪನ್ನು ತಡೆಯುವ ಸೌಲಭ್ಯ) ಆನ್ ಇದೆಯಾ ನೋಡಿ.

ಕೊನೆಗೆ ಪೋರ್ಟ್

ಕೇಬಲ್ ಬದಲಾಯಿಸಿಯೂ, ಬೇರೆ ಕಂಪ್ಯೂಟರ್ ಹಾಕಿಯೂ ಎರರ್ ಅದೇ ಪೋರ್ಟಿನಲ್ಲಿ ಉಳಿದರೆ ಪೋರ್ಟೇ ಕೆಟ್ಟಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದು ಕಳ್ಳ ಅಂತ ತಿಳಿಯುವುದಿಲ್ಲ. ಏಪ್ರಿಲ್–ಮೇ ಗುಡುಗುಮಳೆ ಆದಮೇಲೆ ಇಂಥ ಅರ್ಧ ಸತ್ತ ಪೋರ್ಟುಗಳು ಸಿಗುತ್ತವೆ, ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆದಿರುವ ಕಡೆ ಇನ್ನೂ ಜಾಸ್ತಿ. ವಾರಂಟಿ ಇದ್ದರೆ ಮೊದಲು ತೆಗೆದ ಫೋಟೊ ಕಳಿಸಿ ಕೇಳಿ. ಇಲ್ಲದಿದ್ದರೆ ಆ ಪೋರ್ಟನ್ನು ಸೆಟ್ಟಿಂಗ್‌ನಲ್ಲಿ ಶಟ್‌ಡೌನ್ ಮಾಡಿ, ಮೇಲೊಂದು ಟೇಪ್ ಅಂಟಿಸಿ. ಸುಮ್ನೆ ಬಿಟ್ಟರೆ ಮುಂದಿನ ವಾರ ಯಾರಾದರೂ ಖಾಲಿ ಇದೆ ಅಂತ ಹೊಸ ಪ್ರಿಂಟರನ್ನು ತಂದು ಅಲ್ಲೇ ಚುಚ್ಚುತ್ತಾರೆ.