ಹಾಲು ಕೆಡದಂತೆ ಇಟ್ಟುಕೊಳ್ಳುವ ಬಗೆ

ಬೆಂಗಳೂರಿನ ಮನೆಗಳಿಗೆ ಬರುವ ನಂದಿನಿಯಂಥ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ ಹಾಲು. ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುವ ಈ ಕ್ರಮದಿಂದ ರೋಗ ತರುವ ಸೂಕ್ಷ್ಮಾಣುಗಳು ಸಾಯುತ್ತವೆಯಾದರೂ ಹಾಲನ್ನು ಕೆಡಿಸುವ ಜೀವಿಗಳೆಲ್ಲವೂ ಸಾಯುವುದಿಲ್ಲ. ಗೇಟಿಗೆ ನೇತುಹಾಕಿದ ಚೀಲದಲ್ಲಿ ಬಿಸಿಲೇರುವವರೆಗೆ ಉಳಿದ ಪ್ಯಾಕೆಟ್ಟಿನಲ್ಲಿ ಅವು ವೇಗವಾಗಿ ಹೆಚ್ಚುತ್ತವೆ. ಹಾಲು ಬಂದ ತಕ್ಷಣ ಒಳಗೆ ತನ್ನಿ. ಕ್ರೇಟುಗಳು ಫುಟ್‌ಪಾತಿನ ಮೇಲೆ ಕುಳಿತಿರುವುದರಿಂದ ಕತ್ತರಿಸುವ ಮೊದಲು ಪ್ಯಾಕೆಟ್ ತೊಳೆಯಿರಿ. ಫ್ರಿಜ್ಜಿನ ಬಾಗಿಲಿನಲ್ಲಿ ಹಾಲಿಡುವ ರೂಢಿ ಒಳ್ಳೆಯದಲ್ಲ, ಏಕೆಂದರೆ ಪ್ರತಿ ಸಲ ತೆರೆದಾಗಲೂ ಮೊದಲು ಬಿಸಿಗಾಳಿ ತಾಗುವುದು ಅಲ್ಲಿಗೇ. ಒಳಗಿನ ಶೆಲ್ಫಿನಲ್ಲಿ, 4–5 ಡಿಗ್ರಿಯಲ್ಲಿಡಿ.

ಕೊಟ್ಟಿಗೆಯಿಂದ ನೇರವಾಗಿ ತರುವ ಹಸಿ ಹಾಲಿನ ಮಾತೇ ಬೇರೆ. ದನಕರುಗಳಿಂದ ಬರುವ ಜ್ವರದ ಕಾಯಿಲೆಯಾದ ಬ್ರುಸೆಲ್ಲೋಸಿಸ್ ಮತ್ತು ಕ್ಷಯ ಅದರ ಮೂಲಕ ಹರಡಬಲ್ಲವು; ಆದ್ದರಿಂದ ಕಾಯಿಸದೆ ಯಾರಿಗೂ, ವಿಶೇಷವಾಗಿ ಮಕ್ಕಳಿಗೂ ಗರ್ಭಿಣಿಯರಿಗೂ, ಕೊಡಬಾರದು. ಹಾಲು ಉಕ್ಕಿ ಬಂದೊಡನೆ ಒಲೆ ಆರಿಸುವವರೇ ಹೆಚ್ಚು. ಕೆನೆಯ ಕೆಳಗೆ ಆವಿ ಸಿಕ್ಕಿಕೊಂಡು ನೊರೆ ಮೇಲೇಳುವುದು ಹಾಲೆಲ್ಲ ಕುದಿದ ಗುರುತಲ್ಲವಾದ್ದರಿಂದ, ಉರಿ ತಗ್ಗಿಸಿ, ತಳದವರೆಗೆ ಸೌಟಾಡಿಸುತ್ತ ಇನ್ನೂ ಒಂದೆರಡು ನಿಮಿಷ ಕುದಿಸುವುದು ಸರಿಯಾದ ಕ್ರಮ.

ಆದರೆ ಕುದಿಸುವುದಕ್ಕೂ ಮಿತಿಯಿದೆ. ಬಹಳ ಹೊತ್ತು ಹೊರಗಿದ್ದ ಹಾಲಿನಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಸೂಕ್ಷ್ಮಾಣು ಬೆಳೆದಿದ್ದರೆ, ಜೀವಿ ಸತ್ತರೂ ಅದು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಹಳಸಿದ ಹಾಲನ್ನು ಮತ್ತೆ ಕಾಯಿಸಿ ಕುಡಿಯುವ ಉಳಿತಾಯ ಬೇಡ. ತಾನಾಗಿ ಒಡೆದ ಹಾಲಿನಲ್ಲಿ ಪನೀರು ಮಾಡುವುದೂ ಬೇಡ.

ಫ್ರಿಜ್ಜಿಲ್ಲದವರು, ಅಥವಾ ಕರೆಂಟು ಹೋದಾಗ, ಕಾಯಿಸಿದ ಪಾತ್ರೆಯನ್ನು ಮುಚ್ಚಿ ಅಗಲವಾದ ತಣ್ಣೀರಿನ ಬೋಗುಣಿಯಲ್ಲಿಟ್ಟು, ತುದಿ ನೀರಿಗೆ ತಾಗುವಂತೆ ಒದ್ದೆ ಬಟ್ಟೆ ಸುತ್ತಬಹುದು. ಇದು ಕೆಲವು ಗಂಟೆಗಳಿಗಷ್ಟೇ ನೆರವು; ಇಡೀ ದಿನಕ್ಕಲ್ಲ. ಅಂಥ ಮನೆಗಳಿಗೆ, ಅತಿ ಹೆಚ್ಚು ಶಾಖದಲ್ಲಿ ಕಾಯಿಸಿ ಪ್ಯಾಕ್ ಮಾಡಿದ, ತೆರೆಯುವವರೆಗೆ ಫ್ರಿಜ್ಜು ಬೇಡದ ಯುಎಚ್‌ಟಿ ಹಾಲು, ಬೆಲೆ ತುಸು ಹೆಚ್ಚಾದರೂ, ಅನುಕೂಲ. ತೆರೆದ ಮೇಲೆ ಅದೂ ಬೇರೆ ಹಾಲಿನಂತೆಯೇ ಕೆಡುತ್ತದೆ.

ಮೊಸರಿಗೆ ಹಾಲು ಉಗುರು ಬೆಚ್ಚಗಿರುವಾಗ ಶುಚಿಯಾದ ಚಮಚದಲ್ಲಿ ಹೆಪ್ಪು ಹಾಕಿ, ಗಟ್ಟಿಯಾದೊಡನೆ ಫ್ರಿಜ್ಜಿಗಿಡಿ. ಪನೀರನ್ನು ನೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನದೊಳಗೆ ಬಳಸಿ. ತುಪ್ಪದಲ್ಲಿ ನೀರಿನಂಶ ಬಹುತೇಕ ಇರುವುದಿಲ್ಲವಾದ್ದರಿಂದ ಹೊರಗಿಟ್ಟರೂ ಬಾಳುತ್ತದೆ, ಒದ್ದೆ ಚಮಚ ಹಾಕದಿದ್ದರೆ.